ಈಜಿಪ್ಟಿನ ಸಮಾಧಿ ಚಿತ್ರಗಳ ಪ್ರತಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪುಸ್ತಕ, ಪೋಸ್ಟರ್, ಕ್ಯಾಲೆಂಡರು, ಟೂರಿಗೆ ಹೋದವರು ತರುವ ಪಪೈರಸ್ ಹಾಳೆ. ಇಲ್ಲೆಲ್ಲ ಕಾಣುವ ಈಜಿಪ್ಟ್ ಚಿತ್ರಗಳಲ್ಲಿ ಬಹಳಷ್ಟು ಗೋಡೆಯ ಫೋಟೋಗಳಲ್ಲ. ಯಾರೋ ಒಬ್ಬರು ಆ ಗೋಡೆಯ ಮುಂದೆ ಕೂತು ಕೈಯಲ್ಲಿ ಬರೆದ ಪ್ರತಿಗಳು, ಇಲ್ಲವೇ ಆ ಪ್ರತಿಯ ಪ್ರತಿಗಳು. ಅವುಗಳ ಬಗ್ಗೆ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ಪ್ರತಿಗಳಲ್ಲಿ ಎಷ್ಟು ಬಗೆ ಇವೆ?

ಮುಖ್ಯವಾಗಿ ಮೂರು. ಗೋಡೆಯನ್ನು ನೋಡಿಕೊಂಡು, ಎಷ್ಟೋ ಸಲ ಅದೇ ಅಳತೆಯಲ್ಲಿ, ಬಣ್ಣದಲ್ಲಿ ಬರೆದದ್ದು ಒಂದು. ಬರೀ ಗೆರೆಗಳಲ್ಲಿ ಬರೆದದ್ದು ಇನ್ನೊಂದು; ಇದು ಹೆಚ್ಚಾಗಿ ಸಂಶೋಧಕರಿಗೆ. ಮೂರನೆಯದು ಈಚಿನದು, ಸ್ಕ್ಯಾನ್ ಮಾಡಿ ಇಡೀ ಕೋಣೆಯನ್ನೇ ಮತ್ತೆ ಕಟ್ಟುವುದು. ಅಂಗಡಿಯಲ್ಲಿ ಸಿಗುವ ಪ್ರಿಂಟುಗಳ ಹಿಂದೆ ಹೆಚ್ಚಾಗಿ ಮೊದಲನೆಯ ಬಗೆಯ ಪ್ರತಿ ಅಥವಾ ಒಂದು ಫೋಟೋ ಇರುತ್ತದೆ.

ಕ್ಯಾಮೆರಾ ಇದ್ದ ಕಾಲದಲ್ಲೂ ಕೈಯಲ್ಲಿ ಯಾಕೆ ಬರೆದರು?

ಆಗಿನ ಕ್ಯಾಮೆರಾ ಒಳ್ಳೆಯದೇ. ಆದರೆ ಅದು ಕಪ್ಪು ಬಿಳುಪು. ಈಜಿಪ್ಟಿನ ಗೋಡೆಯ ಮೇಲೆ ಕೆಂಪು, ಹಳದಿ, ನೀಲಿ ಪಕ್ಕಪಕ್ಕದಲ್ಲೇ ಇರುತ್ತವೆ. ಫೋಟೋದಲ್ಲಿ ಇವೆಲ್ಲ ಒಂದೇ ಥರದ ಬೂದು. ಮೇಲೆ ಧೂಳು, ಬಾವಲಿ ಹಿಕ್ಕೆ, ಮಸಿ. ಯಾವುದು ಕಲೆ, ಯಾವುದು ಗೆರೆ ಎಂದು ಕ್ಯಾಮೆರಾಗೆ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ಅದೇ ಗೋಡೆ ನೋಡಿದ ಕಣ್ಣಿಗೆ ಗೊತ್ತಾಗುತ್ತದೆ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 1907ರಲ್ಲಿ ಇದಕ್ಕೆಂದೇ ಒಂದು ತಂಡ ಕಟ್ಟಿತು. ಅದರ ಮುಖ್ಯಸ್ಥ ನಾರ್ಮನ್ ಡಿ ಗ್ಯಾರಿಸ್ ಡೇವಿಸ್. ಆತನ ಹೆಂಡತಿ ನೀನಾ ಲಂಡನ್ನಿನಲ್ಲಿ ಚಿತ್ರಕಲೆ ಕಲಿತವರು. ಅದೇ 1907ರಲ್ಲಿ ಮದುವೆಯಾಗಿ ಇಬ್ಬರೂ ದಕ್ಷಿಣ ಈಜಿಪ್ಟಿನ ಊರಾದ ಲಕ್ಸರ್‌ನ ನೈಲ್ ನದಿಯ ಪಶ್ಚಿಮ ದಡದಲ್ಲಿ ಮನೆ ಮಾಡಿದರು. 1930ರ ದಶಕದ ಕೊನೆಯವರೆಗೂ ಅವರ ಬದುಕು ಅಲ್ಲಿನ ಗುಡ್ಡದ ಸಮಾಧಿಗಳ ಸುತ್ತಲೇ. 1920ರಲ್ಲಿ ಚಾರ್ಲ್ಸ್ ವಿಲ್ಕಿನ್ಸನ್ ಎಂಬ ಹುಡುಗ ಸೇರಿಕೊಂಡ. ನೆಫರ್ತಾರಿ ರಾಣಿಯನ್ನು ಈಸಿಸ್ ದೇವತೆ ಕೈ ಹಿಡಿದು ಕರೆದೊಯ್ಯುವ ಪ್ರಸಿದ್ಧ ಪ್ರತಿ ಅವನದ್ದು. ಅದೇ ರಾಣಿ ಒಬ್ಬಳೇ ಕೂತು ಸೆನೆಟ್ ಎಂಬ ಮಣೆಯಾಟ ಆಡುತ್ತಿರುವ ಪ್ರತಿ ನೀನಾ ಅವರದ್ದು.

ಆ ಕತ್ತಲೆಯಲ್ಲಿ ಹೇಗೆ ಬರೆಯುತ್ತಿದ್ದರು?

ಬಾಗಿಲ ಹೊರಗೆ ಕನ್ನಡಿ ಇಟ್ಟು ಬಿಸಿಲನ್ನು ಒಳಗೆ ತಿರುಗಿಸುತ್ತಿದ್ದರು. ಸೂರ್ಯ ಸರಿದಂತೆ ಕನ್ನಡಿಯನ್ನೂ ಸರಿಸುತ್ತಿರಬೇಕು. ಮೊದಲು ಪಾರದರ್ಶಕ ಕಾಗದದಲ್ಲಿ ಗೆರೆ ಎತ್ತಿಕೊಳ್ಳುವುದು, ಆಮೇಲೆ ಅದನ್ನು ದಪ್ಪ ಕಾಗದಕ್ಕೆ ಇಳಿಸುವುದು, ಗೋಡೆಯ ಮುಂದೆಯೇ ಬಣ್ಣ ಹೊಂದಿಸುವುದು.

ಬಣ್ಣದ ವಿಷಯದಲ್ಲೇ ನಿಜವಾದ ಬದಲಾವಣೆ ಬಂದದ್ದು. ಅದಕ್ಕೂ ಮೊದಲು ಹೆಚ್ಚಿನವರು ನೀರಿನಂಥ ಜಲವರ್ಣ ಬಳಸುತ್ತಿದ್ದರು. ಈಜಿಪ್ಟಿನ ಬಣ್ಣ ದಪ್ಪ, ಮುಚ್ಚುವಂಥದ್ದು. ಜಲವರ್ಣದಲ್ಲಿ ಅದು ಬರುವುದೇ ಇಲ್ಲ. ಮ್ಯೂಸಿಯಂ ತಂಡದ ಮೊದಲ ದಿನಗಳಲ್ಲಿ ಫ್ರಾನ್ಸಿಸ್ ಅನ್ವಿನ್ ಎಂಬ ಕಲಾವಿದ ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ ತಂದ. ಅಷ್ಟೇ ಅಲ್ಲ, ಹಳೆಯ ಚಿತ್ರಕಾರ ಯಾವ ಬಣ್ಣದ ಮೇಲೆ ಯಾವುದನ್ನು ಹಾಕಿದ್ದಾನೋ ಅದೇ ಕ್ರಮದಲ್ಲಿ ಹಾಕುವ ಪದ್ಧತಿ ತಂದ. ಮೊದಲು ಹಿನ್ನೆಲೆ, ಆಮೇಲೆ ಮೈಬಣ್ಣ, ಅದರ ಮೇಲೆ ಬಿಳಿ ಬಟ್ಟೆ, ಕೊನೆಗೆ ಹೊರಗೆರೆ. ಬಟ್ಟೆಯ ಅಡಿಯಿಂದ ಮೈಬಣ್ಣ ಮಸುಕಾಗಿ ಕಾಣುವುದು ಹೀಗೆ ಬರೆದಾಗ ತಾನಾಗಿ ಬರುತ್ತದೆ. ನೀನಾ ಇದನ್ನು ಹಿಡಿದು ಎಲ್ಲರಿಗಿಂತ ಮುಂದೆ ಹೋದರು. ಅವರ ಪ್ರತಿಯಲ್ಲಿ ಮೂರು ಸಾವಿರ ವರ್ಷ ಹಿಂದಿನ ಕುಂಚ ಎಲ್ಲಿ ನಿಂತಿತು, ಎಲ್ಲಿ ಎತ್ತಿತು ಎಂಬುದೂ ಸಿಗುತ್ತದೆ.

“ಎನ್. ಡಿ. ಜಿ. ಡೇವಿಸ್” ಎಂದು ಸಹಿ ಇದೆ. ಗಂಡನದ್ದಾ, ಹೆಂಡತಿಯದ್ದಾ?

ಇಬ್ಬರ ಹೆಸರಿನ ಮೊದಲಕ್ಷರಗಳೂ ಒಂದೇ, ಹಾಗಾಗಿ ಗೊಂದಲ ಹಳೆಯದು. ಬಣ್ಣದ ಪ್ರತಿಯಾದರೆ ನೀನಾ ಅವರದ್ದಿರುವ ಸಾಧ್ಯತೆ ಜಾಸ್ತಿ, ಗೆರೆಚಿತ್ರವಾದರೆ ನಾರ್ಮನ್. ಮ್ಯೂಸಿಯಂ ದಾಖಲೆ ನೋಡದೆ ಖಚಿತವಾಗಿ ಹೇಳಬೇಡಿ. ಪೋಸ್ಟರ್ ಮಾರುವವರು ಇಬ್ಬರ ಹೆಸರನ್ನೂ ಹಾಕದೆ “ಪುರಾತನ ಈಜಿಪ್ಟ್” ಎಂದಷ್ಟೇ ಬರೆಯುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ.

ಅವರಿಗಿಂತ ಮೊದಲಿನ ಪ್ರತಿಗಳು ಹೇಗಿದ್ದವು?

ಕೆಲವು ನೋಡಿದರೆ ನಗು ಬರುತ್ತದೆ. ಸ್ಕಾಟ್ಲೆಂಡಿನ ಜೇಮ್ಸ್ ಬ್ರೂಸ್ 1760ರ ದಶಕದಲ್ಲಿ ಮೂರನೆಯ ರಾಮ್ಸೆಸ್‌ನ ಸಮಾಧಿಯಲ್ಲಿ ಹಾರ್ಪ್ ನುಡಿಸುವವರನ್ನು ಕಂಡ. 1790ರಲ್ಲಿ ಅಚ್ಚಾದ ಅವನ ಚಿತ್ರದಲ್ಲಿ ಆ ವಾದಕ ಯುರೋಪಿನ ಅರಮನೆಯಿಂದ ಎದ್ದು ಬಂದ ಹಾಗಿದ್ದಾನೆ. ಮೋಸ ಏನೂ ಇಲ್ಲ. ಅವನ ಕಾಲದ ಕೈಗೆ ಬರುತ್ತಿದ್ದದ್ದೇ ಆ ಶೈಲಿ.

ಇನ್ನು ಕೆಲವು ಪ್ರತಿಗಳು ಗೋಡೆಯನ್ನೇ ಹಾಳು ಮಾಡಿದವು. 1817ರಲ್ಲಿ ಇಟಲಿಯ ಸಾಹಸಿ ಬೆಲ್ಜೋನಿ ಒಂದನೆಯ ಸೇಟಿ ಎಂಬ ರಾಜನ ಸಮಾಧಿ ಹುಡುಕಿದ. ರಾಜರ ಕಣಿವೆಯಲ್ಲಿ ಅಷ್ಟು ಉದ್ದದ, ಅಷ್ಟು ಅಂದದ ಸಮಾಧಿ ಅಪರೂಪ. ಅವನೂ ಅವನ ಜೊತೆಗಾರ ರಿಚ್ಚಿಯೂ ಚಿತ್ರ ಬರೆದರು, ಜೊತೆಗೆ ಉಬ್ಬುಚಿತ್ರಗಳ ಅಚ್ಚು ತೆಗೆದರು. ಅದನ್ನು ಇಟ್ಟುಕೊಂಡು 1821ರಲ್ಲಿ ಲಂಡನ್ನಿನ ಪಿಕಾಡಿಲಿಯಲ್ಲಿ ಸಮಾಧಿಯ ಕೋಣೆಗಳನ್ನೇ ಕಟ್ಟಿ ಟಿಕೆಟ್ ಹಾಕಿ ತೋರಿಸಿದ. ಜನ ಮುಗಿಬಿದ್ದರು. ಆಮೇಲೆ ಬಂದವರು ಒದ್ದೆ ಕಾಗದವನ್ನು ಗೋಡೆಗೆ ಒತ್ತಿ ಅಚ್ಚು ತೆಗೆಯುವ ರೂಢಿ ಮುಂದುವರಿಸಿದರು. ಕಾಗದ ಒಣಗಿ ಬಿಟ್ಟುಕೊಳ್ಳುವಾಗ ಬಣ್ಣವನ್ನೂ ಕಿತ್ತುಕೊಂಡು ಬರುತ್ತಿತ್ತು. ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯನ್ ಮತ್ತು ಇಟಲಿಯ ವಿದ್ವಾಂಸ ರೊಸೆಲ್ಲೀನಿ 1829ರಲ್ಲಿ ಅದೇ ಸಮಾಧಿಯಿಂದ ತುಂಡುಗಳನ್ನೇ ಕೊಯ್ದುಕೊಂಡು ಹೋದರು. ಒಂದು ಈಗ ಪ್ಯಾರಿಸ್ಸಿನಲ್ಲಿದೆ, ಒಂದು ಫ್ಲಾರೆನ್ಸಿನಲ್ಲಿ.

ಹಾಗಂತ ಹಳೆಯ ಪ್ರತಿಗಳನ್ನು ತಳ್ಳಿಹಾಕುವಂತಿಲ್ಲ. 1820ರ ದಶಕದಲ್ಲಿ ಬ್ರಿಟನ್ನಿನ ಗಾರ್ಡ್ನರ್ ವಿಲ್ಕಿನ್ಸನ್ (ಮೇಲೆ ಹೇಳಿದ ಚಾರ್ಲ್ಸ್ ಅಲ್ಲ), ರಾಬರ್ಟ್ ಹೇ ಬರೆದುಕೊಂಡ ಕೆಲವು ಗೋಡೆಗಳು ಇವತ್ತು ಇಲ್ಲವೇ ಇಲ್ಲ. ಆ ಕಾಗದಗಳೇ ಈಗ ಮೂಲ.

ಒಂದೇ ಚಿತ್ರ ಒಂದು ಪ್ರಿಂಟಿನಲ್ಲಿ ಬಿರುಕು ಬಿಟ್ಟಿದೆ, ಇನ್ನೊಂದರಲ್ಲಿ ಹೊಸದರ ಹಾಗಿದೆ. ಯಾವುದು ಸರಿ?

ಯಾವ ಪ್ರತಿ ಕೈಗೆ ಬಂದರೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಹಾಳಾದ ಭಾಗವನ್ನು ಪ್ರತಿ ಬರೆದವನು ಏನು ಮಾಡಿದ?

ಮೂರು ದಾರಿಗಳಿವೆ. ಬಿರುಕನ್ನು ಬಿರುಕಾಗಿಯೇ ಬರೆಯುವುದು. ಖಾಲಿ ಬಿಡುವುದು. ಇಲ್ಲವೇ ಊಹೆ ಮಾಡಿ ತುಂಬುವುದು. ನೀನಾ ಅವರ ಪ್ರತಿಗಳಲ್ಲಿ ಗಾರೆ ಉದುರಿದ ಜಾಗವೂ ಅಷ್ಟೇ ಎಚ್ಚರಿಕೆಯಿಂದ ಬರೆದಿರುತ್ತದೆ. ಕೆಲವು ಕಡೆ ಪಕ್ಕದ ಆಧಾರ ಗಟ್ಟಿ ಇದ್ದಾಗ ಅವರೂ ತುಂಬಿದ್ದುಂಟು. ಅಗ್ಗದ ಪೋಸ್ಟರುಗಳಲ್ಲಿ ಎಲ್ಲವನ್ನೂ ತುಂಬಿ ನುಣ್ಣಗೆ ಮಾಡಿಬಿಡುತ್ತಾರೆ.

ಅದರಿಂದೇನು ನಷ್ಟ ಅಂತೀರಾ? ಮೆನ್ನಾ ಎಂಬ ಅಧಿಕಾರಿಯ ಸಮಾಧಿ ನೋಡಿ. ಹೊಲಗಳ ಲೆಕ್ಕ ನೋಡಿಕೊಳ್ಳುತ್ತಿದ್ದವನು. ಆ ಚಿತ್ರಗಳಲ್ಲಿ ಅವನ ಕಣ್ಣನ್ನು ಯಾರೋ ಬೇಕೆಂದೇ ಕೆತ್ತಿ ತೆಗೆದಿದ್ದಾರೆ. ಕಣ್ಣಿಲ್ಲದಿದ್ದರೆ ಪರಲೋಕದಲ್ಲಿ ಅವನಿಗೆ ಏನೂ ಕಾಣಬಾರದು ಎಂಬ ಹಗೆ. ನಖ್ತ್ ಎಂಬುವನ ಸಮಾಧಿಯಲ್ಲಿ ಅಮುನ್ ದೇವರ ಹೆಸರನ್ನು ಮಾತ್ರ ಹುಡುಕಿ ಹುಡುಕಿ ಕೆರೆದಿದ್ದಾರೆ. ಅದು ಅಖೆನಾತನ್ ರಾಜ ಒಂದೇ ಸೂರ್ಯದೇವರನ್ನು ಹಿಡಿದು ಅಮುನ್‌ನನ್ನು ಅಳಿಸಲು ಹೊರಟ ಕಾಲ. ಕಣ್ಣು ತುಂಬಿ, ಹೆಸರು ತುಂಬಿ, ಚೆಂದ ಮಾಡಿದ ಪ್ರಿಂಟಿನಲ್ಲಿ ಈ ಜಗಳಗಳೆಲ್ಲ ಮಾಯ.

ಮನೆಗೆ ಅಲಂಕಾರಕ್ಕೆ ಬೇಕು ಅಂದರೆ ತುಂಬಿದ ಪ್ರತಿ ತಪ್ಪೇನಲ್ಲ. ಆದರೆ ತುಂಬಿದ್ದಾರೆ ಎಂದು ಗೊತ್ತಿರಲಿ. ನನ್ನ ಆಯ್ಕೆ ಬಿರುಕಿರುವುದೇ.

ಟುಟಾಂಖಾಮನ್ ರಾಜನ ಸಮಾಧಿಯ “ಡೂಪ್ಲಿಕೇಟ್” ಇದೆಯಂತೆ, ಹೌದಾ?

ಹೌದು. ಲಕ್ಸರ್‌ನಲ್ಲಿ, ಆ ಸಮಾಧಿಯನ್ನು ಹುಡುಕಿದ ಹೊವಾರ್ಡ್ ಕಾರ್ಟರ್ ವಾಸವಿದ್ದ ಮನೆಯ ಪಕ್ಕದಲ್ಲಿ. 2014ರ ಏಪ್ರಿಲ್ 30ರಂದು ತೆರೆದರು. ಮಾಡಿದ್ದು ಮ್ಯಾಡ್ರಿಡ್‌ನ ಫ್ಯಾಕ್ಟಮ್ ಆರ್ಟೆ ಎಂಬ ಕಾರ್ಯಾಗಾರ.

2009ರಲ್ಲಿ ಮೂಲ ಸಮಾಧಿಯ ಗೋಡೆಗಳನ್ನು ಮುಟ್ಟದೆ ಲೇಸರ್‌ನಲ್ಲಿ ಅಳೆದರು. ಒಂದು ಚದರ ಮೀಟರಿಗೆ 10 ಕೋಟಿ ಬಿಂದುಗಳಷ್ಟು ಸೂಕ್ಷ್ಮ ಅಳತೆ. ಬಣ್ಣಕ್ಕೆ ಬೇರೆ ಫೋಟೋಗಳು, ಜೊತೆಗೆ ಗೋಡೆಯ ಪಕ್ಕದಲ್ಲೇ ಹಿಡಿದು ಹೊಂದಿಸಿದ ಬಣ್ಣದ ಪಟ್ಟಿಗಳು. ಆ ಅಳತೆಯಂತೆ ಯಂತ್ರದಲ್ಲಿ ಮೇಲ್ಮೈ ಕೆತ್ತಿ, ಅಚ್ಚು ಮಾಡಿ, ಮೇಲೆ ಬಣ್ಣದ ತೆಳು ಪದರ ಕೂರಿಸಿದರು. ಗೋಡೆಯ ಮೇಲಿನ ಕಂದು ಚುಕ್ಕೆಗಳೂ ಹಾಗೇ ಇವೆ. ಆ ಚುಕ್ಕೆಗಳು 1920ರ ದಶಕದ ಫೋಟೋಗಳಲ್ಲೇ ಕಾಣುತ್ತವೆ. ಅವು ಯಾವತ್ತೋ ಸತ್ತುಹೋದ ಸೂಕ್ಷ್ಮಜೀವಿಗಳ ಗುರುತು ಎಂದು ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆಯವರು ಪರೀಕ್ಷಿಸಿ ಹೇಳಿದ್ದಾರೆ.

ಮೂಲದಲ್ಲಿ ಇಲ್ಲದ್ದು ಒಂದು ಈ ಪ್ರತಿಯಲ್ಲಿದೆ. ಶವಪೆಟ್ಟಿಗೆಯ ಕೋಣೆಗೆ ಹೋಗಲು ಕಾರ್ಟರ್ ದಕ್ಷಿಣ ಗೋಡೆಯ ಒಂದು ಭಾಗ ಒಡೆಯಬೇಕಾಯಿತು. ಅದರ ಮೇಲೆ ಈಸಿಸ್ ಮತ್ತು ಮೂವರು ಚಿಕ್ಕ ದೇವತೆಗಳಿದ್ದರು. ಆ ಗೋಡೆ ಈಗಿಲ್ಲ, ಹ್ಯಾರಿ ಬರ್ಟನ್ ತೆಗೆದ ಕಪ್ಪು ಬಿಳುಪು ಫೋಟೋ ಇದೆ. ಅದನ್ನು ನೋಡಿ ಆ ಭಾಗವನ್ನು ಮತ್ತೆ ಮಾಡಿ ಅಲ್ಲೇ ಹತ್ತಿರದಲ್ಲಿ ಇಟ್ಟಿದ್ದಾರೆ.

ಮೂಲ ಇರುವಾಗ ಪ್ರತಿ ನೋಡಲು ಯಾಕೆ ಹೋಗಬೇಕು?

ಸಮಾಧಿ ಒಳಗಿನ ದೊಡ್ಡ ಶತ್ರು ನಾವೇ. ಉಸಿರು, ಬೆವರು, ಕಾಲಿನ ಧೂಳು. ಜನ ಒಳಗೆ ಬಂದಷ್ಟೂ ತೇವ ಏರುತ್ತದೆ, ಹೋದಾಗ ಇಳಿಯುತ್ತದೆ. ಬಂಡೆಯೊಳಗಿನ ಉಪ್ಪು ಕರಗಿ ಮತ್ತೆ ಗಟ್ಟಿಯಾಗಿ ಗಾರೆಯನ್ನು ಹೊರಗೆ ತಳ್ಳುತ್ತದೆ. ನೆಫರ್ತಾರಿ ಸಮಾಧಿಗೆ ಆದದ್ದು ಹೆಚ್ಚುಕಡಿಮೆ ಇದೇ, ಉಪ್ಪಿನ ಕಾಟ. 1904ರಲ್ಲಿ ಸಿಕ್ಕಾಗಲೇ ಅಲ್ಲಲ್ಲಿ ಗಾರೆ ಉದುರಿತ್ತು. 1986ರಿಂದ 1992ರವರೆಗೆ ಗೆಟ್ಟಿ ಸಂಸ್ಥೆ ಮತ್ತು ಈಜಿಪ್ಟಿನವರು ಸೇರಿ ದುರಸ್ತಿ ಮಾಡಿದರು. 1995ರಲ್ಲಿ ತೆರೆದಾಗ ದಿನಕ್ಕೆ 150 ಜನಕ್ಕೆ ಮಾತ್ರ ಪ್ರವೇಶ.

ಪ್ರತಿಯಲ್ಲಿ ಇನ್ನೊಂದು ಸುಖ ಇದೆ. ಹಿಂದಿನವರು ತಳ್ಳುವುದಿಲ್ಲ. ಎಷ್ಟು ಹೊತ್ತು ಬೇಕಾದರೂ ನಿಂತು ನೋಡಬಹುದು. ಲಕ್ಸರ್‌ಗೆ ಹೋದರೆ ಎರಡನ್ನೂ ನೋಡಿ. ಪ್ರತಿಯನ್ನು ಮೊದಲು ನೋಡಿದರೆ ಮೂಲದಲ್ಲಿ ಕಣ್ಣು ಎಲ್ಲಿ ಇಡಬೇಕು ಎಂದು ತಿಳಿದಿರುತ್ತದೆ.

ಬಣ್ಣ ನಿಜವಾಗಲೂ ಇಷ್ಟು ಗಾಢವಾಗಿತ್ತಾ?

ಇತ್ತು. ಕೆಂಪು ಮತ್ತು ಹಳದಿ ಮಣ್ಣಿನ ಬಣ್ಣಗಳು, ಅಂದರೆ ಕಬ್ಬಿಣದ ಅಂಶದ ಕಾವಿ. ಅವು ಬಿಸಿಲಿಗೂ ಮಾಸುವುದಿಲ್ಲ. ಕಪ್ಪು ಮಸಿಯಿಂದ, ಬಿಳಿ ಸುಣ್ಣದ ಜಾತಿಯ ಕಲ್ಲುಗಳಿಂದ. ಮಿರುಗುವ ಹಳದಿಗೆ ಕೆಲವು ಕಡೆ ಹರಿತಾಳ ಬಳಸಿದ್ದಾರೆ. ಅದರಲ್ಲಿ ಆರ್ಸೆನಿಕ್ ಇದೆ, ಬೆಳಕಿಗೆ ಬಣ್ಣವೂ ಕಳೆದುಕೊಳ್ಳುತ್ತದೆ.

ನೀಲಿಯದ್ದೇ ಬೇರೆ ಕಥೆ. ಮರಳು, ಸುಣ್ಣ, ತಾಮ್ರ, ಸ್ವಲ್ಪ ಕ್ಷಾರ ಸೇರಿಸಿ 850ರಿಂದ 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು ಮಾಡಿದ ಬಣ್ಣ ಅದು. ಮನುಷ್ಯ ಕೈಯಾರೆ ತಯಾರಿಸಿದ ಬಣ್ಣಗಳಲ್ಲಿ ಅತಿ ಹಳೆಯದೆಂದು ಅದನ್ನೇ ಹೇಳುತ್ತಾರೆ. ಅದರ ಮೇಲೆ ಸಾಮಾನ್ಯ ಬೆಳಕು ಹಾಯಿಸಿ ಇನ್ಫ್ರಾರೆಡ್ ಕ್ಯಾಮೆರಾದಲ್ಲಿ ನೋಡಿದರೆ ಬೆಳ್ಳಗೆ ಹೊಳೆಯುತ್ತದೆ. ಕಣ್ಣಿಗೆ ಕಾಣದಷ್ಟು ಅಳಿಸಿದ ನೀಲಿಯೂ ಹೀಗೆ ಪತ್ತೆಯಾಗುತ್ತದೆ. ಕಾಳುಕಾಳಾದ ಬಣ್ಣವಾದ್ದರಿಂದ ನುಣ್ಣಗೆ ಅರೆದರೆ ಪೇಲವ, ತರಿಯಾಗಿ ಬಿಟ್ಟರೆ ಗಾಢ. ಪ್ರಿಂಟಿನಲ್ಲಿ ಈ ತರಿ ಬರುವುದೇ ಇಲ್ಲ.

ಪ್ರಿಂಟಿಗೆ ದಕ್ಕದ ಇನ್ನೊಂದು ಹೇಳಿಬಿಡುತ್ತೇನೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ನೆಬಾಮುನ್ ಎಂಬುವನ ಸಮಾಧಿಯ ತುಂಡುಗಳಿವೆ. ಜೌಗಿನಲ್ಲಿ ಹಕ್ಕಿ ಬೇಟೆಯ ಚಿತ್ರ, ಅದರಲ್ಲೊಂದು ಬೆಕ್ಕು ಹಕ್ಕಿ ಹಿಡಿಯುತ್ತಿದೆ. ಆ ಬೆಕ್ಕಿನ ಕಣ್ಣಿಗೆ ಚಿನ್ನದ ರೇಕು ಹಚ್ಚಿದ್ದಾರೆ. ದೀಪದ ಬೆಳಕಿಗೆ ಅದು ಹೇಗೆ ಹೊಳೆದಿರಬಹುದು, ಅಲ್ವಾ? ಸಮಾಧಿ ಎಲ್ಲಿತ್ತು ಎಂಬುದು ಮಾತ್ರ ಇವತ್ತಿಗೂ ಪತ್ತೆಯಿಲ್ಲ.

ಗೆರೆಚಿತ್ರದಲ್ಲಿ ಕೆಲವು ಗೆರೆ ದಪ್ಪ, ಕೆಲವು ಸಣ್ಣ. ಯಾಕೆ?

ಕೆತ್ತಿದ ಗೋಡೆಗಳ ಗೆರೆಚಿತ್ರಕ್ಕೆ ಇದು ಎಲ್ಲರೂ ಒಪ್ಪಿದ ಒಂದು ರೂಢಿ. ಬೆಳಕು ಮೇಲಿನ ಎಡಗಡೆಯಿಂದ ಬೀಳುತ್ತಿದೆ ಎಂದು ಭಾವಿಸಿ ನೆರಳಿನ ಕಡೆ ದಪ್ಪ ಗೆರೆ ಹಾಕುತ್ತಾರೆ. ಉಬ್ಬುಚಿತ್ರವಾದರೆ ಬಲಕ್ಕೂ ಕೆಳಕ್ಕೂ ದಪ್ಪ, ಒಳಕ್ಕೆ ತೋಡಿದ ಚಿತ್ರವಾದರೆ ಎಡಕ್ಕೂ ಮೇಲಕ್ಕೂ. ಷಿಕಾಗೊ ವಿಶ್ವವಿದ್ಯಾಲಯದ ತಂಡ 1924ರಿಂದ ಲಕ್ಸರ್‌ನಲ್ಲಿ ಈ ಕೆಲಸ ಮಾಡುತ್ತಿದೆ. ಫೋಟೋದ ಮೇಲೇ ಪೆನ್ಸಿಲ್, ಆಮೇಲೆ ಮಸಿಯಲ್ಲಿ ಗೆರೆ ಎಳೆದು, ಫೋಟೋವನ್ನು ರಾಸಾಯನಿಕದಲ್ಲಿ ಅಳಿಸಿ, ಗೆರೆ ಮಾತ್ರ ಉಳಿಸಿಕೊಳ್ಳುವುದು ಅವರ ಹಳೆಯ ವಿಧಾನ. ಈಗ ಕಂಪ್ಯೂಟರ್ ಬಂದಿದೆ.

ಪಪೈರಸ್ ಮೇಲಿನ ಚಿತ್ರಗಳು ಒಳ್ಳೆಯ ಪ್ರತಿಗಳಾ?

ನೆನಪಿಗೆಂದು ಕೊಂಡುಕೊಳ್ಳಿ, ಬೇಡ ಎನ್ನುವುದಿಲ್ಲ. ಆದರೆ ನಖ್ತ್‌ನ ಸಮಾಧಿಯ ಮೂವರು ವಾದಕಿಯರಾಗಲಿ, ನೆಫರ್ತಾರಿಯಾಗಲಿ ಪಪೈರಸ್ ಮೇಲೆ ಇದ್ದವರಲ್ಲ. ಅವರು ಗೋಡೆಯವರು. ಪಪೈರಸ್ ಮೇಲೆ ನಿಜವಾಗಿ ಇದ್ದದ್ದು ಸತ್ತವರ ಜೊತೆ ಇಡುತ್ತಿದ್ದ ಮಂತ್ರಗಳ ಸುರುಳಿಗಳು. ಹೃದಯವನ್ನು ತಕ್ಕಡಿಯಲ್ಲಿಟ್ಟು ತೂಗುವ ಹುನೆಫರ್‌ನ ಚಿತ್ರ ಅಂಥದ್ದು. ಅದನ್ನು ಪಪೈರಸ್ ಮೇಲೆ ಕೊಂಡರೆ ಅರ್ಥವಿದೆ.

ಹಾಳೆ ಅಸಲಿಯಾ ನೋಡಿ. ಪಪೈರಸ್ ಒಂದು ಬಗೆಯ ಜೊಂಡು. ಅದರ ತಿರುಳನ್ನು ಸೀಳಿ ಪಟ್ಟಿ ಮಾಡಿ, ಒಂದು ಪದರ ಉದ್ದಕ್ಕೆ, ಒಂದು ಅಡ್ಡಕ್ಕೆ ಇಟ್ಟು ಒತ್ತುತ್ತಾರೆ. ಬೆಳಕಿಗೆ ಹಿಡಿದರೆ ಆ ಹೆಣೆದಂಥ ಗುರುತು ಕಾಣಬೇಕು. ಬೀದಿಯಲ್ಲಿ ಬಾಳೆಯ ನಾರಿನಿಂದ ಮಾಡಿದ ಹಾಳೆಯನ್ನೂ ಪಪೈರಸ್ ಎಂದೇ ಮಾರುತ್ತಾರೆ. ಸುರುಳಿ ಸುತ್ತಿದರೆ ಅದು ಬಿರಿಯುತ್ತದೆ. ಅಂದಹಾಗೆ ಈ ಹಾಳೆ ಮಾಡುವ ವಿದ್ಯೆಯೇ ಮರೆತುಹೋಗಿತ್ತು. 1960ರ ದಶಕದಲ್ಲಿ ಕೈರೋದ ಹಸನ್ ರಗಬ್ ಅದಕ್ಕೆ ಮತ್ತೆ ಜೀವ ಕೊಟ್ಟರು.

ಸಮಾಧಿಯ ಚಿತ್ರ ಮನೆಯಲ್ಲಿ ಹಾಕಬಹುದಾ? ಹಿರಿಯರು ಬೇಡ ಅಂತಾರೆ.

ಮೊದಲು ಅವರಿಗೆ ಚಿತ್ರ ತೋರಿಸಿ. ಹೆಚ್ಚಿನ ಚಿತ್ರಗಳಲ್ಲಿ ಸಾವು ಕಾಣುವುದಿಲ್ಲ. ಉಳುವವರು, ದ್ರಾಕ್ಷಿ ಕೀಳುವವರು, ಮೀನು ಹಿಡಿಯುವವರು, ಇಟ್ಟಿಗೆ ಮಾಡುವವರು, ಹಬ್ಬದೂಟ, ಹಾಡು. ಅಧಿಕಾರಿಗಳ ಸಮಾಧಿಗಳಲ್ಲಿ ಈ ಚಿತ್ರಗಳಿದ್ದದ್ದು ಹೆಚ್ಚಾಗಿ ಮೇಲಿನ ಕೋಣೆಯಲ್ಲಿ. ಶವ ಇರುತ್ತಿದ್ದದ್ದು ಕೆಳಗೆ, ಮುಚ್ಚಿದ ಗುಂಡಿಯಲ್ಲಿ. ವರ್ಷಕ್ಕೊಮ್ಮೆ ಕಣಿವೆಯ ಹಬ್ಬದಲ್ಲಿ ಮನೆಮಂದಿ ಹೂವು, ಊಟ ತಂದು ಆ ಮೇಲಿನ ಕೋಣೆಯಲ್ಲಿ ಕೂರುತ್ತಿದ್ದರು. ನಮ್ಮ ಪಿತೃಪಕ್ಷ ಗೊತ್ತಿರುವವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಸಮಾಧಿ ತೆರೆದವರು ಸಾಯುತ್ತಾರೆ ಎಂಬ ಟುಟಾಂಖಾಮನ್ ಶಾಪದ ಮಾತು ಬಂದರೆ ಕಾರ್ಟರ್ ಹೆಸರು ಹೇಳಿ. 1922ರಲ್ಲಿ ಸಮಾಧಿ ತೆರೆದವನು 1939ರವರೆಗೆ ಬದುಕಿದ್ದ.

ನಾನೇ ಒಂದು ಪ್ರತಿ ಬರೆಯಬೇಕು. ಎಲ್ಲಿಂದ ಶುರು ಮಾಡಲಿ?

ಚೌಕಗಳಿಂದ. ಈಜಿಪ್ಟಿನ ಹಳೆಯ ಚಿತ್ರಕಾರರೂ ಹಾಗೇ ಮಾಡಿದ್ದು. ಕೆಂಪು ಕಾವಿಯಲ್ಲಿ ಅದ್ದಿದ ದಾರವನ್ನು ಬಿಗಿಯಾಗಿ ಹಿಡಿದು ಗೋಡೆಗೆ ಪಟ್ಟನೆ ಹೊಡೆದು ಗೆರೆ ಮೂಡಿಸುತ್ತಿದ್ದರು. ನಿಂತ ಮನುಷ್ಯನಿಗೆ ಅಂಗಾಲಿನಿಂದ ಹಣೆಯ ಕೂದಲಿನವರೆಗೆ 18 ಚೌಕ. ಮಂಡಿ 6ರಲ್ಲಿ, ಭುಜ 16ರಲ್ಲಿ. ಕೂತವನಿಗೆ 14. ಈ ಲೆಕ್ಕ ಹಿಡಿದರೆ ಅರ್ಧ ಕೆಲಸ ಮುಗಿಯಿತು. ಮುಖ ಪಕ್ಕದಿಂದ, ಕಣ್ಣು ಎದುರಿನಿಂದ, ಭುಜ ಎದುರಿನಿಂದ, ಕಾಲು ಪಕ್ಕದಿಂದ. ಗಂಡಸರಿಗೆ ಕೆಂಗಂದು, ಹೆಂಗಸರಿಗೆ ಹಳದಿ ಮೈಬಣ್ಣ.

ಪೋಸ್ಟರ್ ಕಲರ್ ಸಾಕು. ಜಲವರ್ಣ ಬೇಡ. ಹಿನ್ನೆಲೆಗೆ ಶುದ್ಧ ಬಿಳಿ ಹಾಕಿ ಕೆಡಿಸಬೇಡಿ. ನೀವು ಆರಿಸಿದ ಸಮಾಧಿಯ ಹಿನ್ನೆಲೆ ನೋಡಿ. 18ನೆಯ ರಾಜವಂಶದ (ಟುಟಾಂಖಾಮನ್ ಸೇರಿದ ವಂಶ) ಮೊದಲ ಭಾಗದ ಗೋಡೆಗಳು ನೀಲಿ ಕಲೆತ ಬೂದು. ರಾಮ್ಸೆಸ್‌ಗಳ ಕಾಲಕ್ಕೆ, ಅಂದರೆ ಆ ವಂಶದ ನಂತರ, ಹಳದಿ ಜಾಸ್ತಿ. ಹೊರಗೆರೆಯನ್ನು ಕೊನೆಗೆ, ಒಂದೇ ಉಸಿರಿನಲ್ಲಿ ಎಳೆಯಿರಿ. ಹರಿತಾಳ ಮಾತ್ರ ಮುಟ್ಟಲೇಬೇಡಿ, ಅದು ವಿಷ.

ಒಳ್ಳೆಯ ಚಿತ್ರ ಡೌನ್‌ಲೋಡ್ ಎಲ್ಲಿ ಸಿಗುತ್ತದೆ?

ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ತನ್ನ ಸಾವಿರಾರು ಚಿತ್ರಗಳನ್ನು ಮುಕ್ತವಾಗಿ ಬಿಟ್ಟಿದೆ. ಆ ಚಿತ್ರದ ಕೆಳಗೆ ಮುಕ್ತ ಬಳಕೆಯ ಗುರುತು ಇದೆಯಾ ನೋಡಿಕೊಂಡು ಇಳಿಸಿಕೊಳ್ಳಿ. ಬ್ರಿಟಿಷ್ ಮ್ಯೂಸಿಯಂನ ಚಿತ್ರಗಳನ್ನು ವ್ಯಾಪಾರಕ್ಕೆ ಸುಮ್ನೆ ಬಳಸುವಂತಿಲ್ಲ. ಡೇವಿಸ್ ದಂಪತಿಯ ಗೆರೆಹಾಳೆಗಳು, ಬರ್ಟನ್‌ನ ಟುಟಾಂಖಾಮನ್ ಫೋಟೋಗಳು ಆಕ್ಸ್‌ಫರ್ಡಿನ ಗ್ರಿಫಿತ್ ಇನ್‌ಸ್ಟಿಟ್ಯೂಟಿನಲ್ಲಿವೆ.

ಪ್ರಿಂಟಿಗೆ ಫ್ರೇಮ್ ಹಾಕಿಸುವಾಗ?

ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್ (ದಪ್ಪ ರಟ್ಟಿನ ಅಂಚು) ಹಾಕಿಸಿ. ತಾಗಿದರೆ ನಮ್ಮ ಮಳೆಗಾಲಕ್ಕೆ ಬೂಷ್ಟು ಗ್ಯಾರಂಟಿ. ಹೊಳೆಯುವ ಕಾಗದ ಬೇಡ, ಮ್ಯಾಟ್ ತಗೊಳ್ಳಿ. ನೇರ ಬಿಸಿಲು ಬೀಳುವ ಗೋಡೆ ಬೇಡ. ಹಿಂದೆ ಯಾರ ಸಮಾಧಿ, ಯಾರ ಪ್ರತಿ, ಯಾವ ವರ್ಷ ಎಂದು ಒಂದು ಚೀಟಿ ಅಂಟಿಸಿ.

“ಅಸಲಿ ಸಮಾಧಿ ತುಂಡು, ಕಡಿಮೆ ಬೆಲೆಗೆ” ಎಂದು ಒಬ್ಬರು ತೋರಿಸಿದರು. ತಗೊಳ್ಳಲಾ?

ಬೇಡ. ಸುಳ್ಳಾದರೆ ದುಡ್ಡು ಹೋಗುತ್ತದೆ, ನಿಜವಾದರೆ ಕೇಸು ಬೀಳುತ್ತದೆ. 1983ರ ಕಾನೂನಿನ ಪ್ರಕಾರ ಈಜಿಪ್ಟಿನಿಂದ ಪ್ರಾಚೀನ ವಸ್ತುಗಳನ್ನು ಮಾರಲು, ಹೊರಗೆ ಒಯ್ಯಲು ನಿಷೇಧವಿದೆ.